ದಿಂಬು ಹಾಕಿದ ವಾಕ್ಯ

ಮಾರ್ಚ್ ೪, ಮಂಗಳವಾರ

ತಮ್ಮನನ್ನು ಸಂಜೆಯೊಳಗೆ ಬಿಡುತ್ತೇವೆ ಅಂದರು. ಬಿಡಲಿಲ್ಲ.
ಅವನ ಫೋನು ನೋಡಿ ವಾಪಸ್ ಕೊಡುತ್ತೇವೆ ಅಂದರು. ಕೊಡಲಿಲ್ಲ.
ಕಚೇರಿಯಿಂದ ಎತ್ತಿಕೊಂಡು ಹೋದ ಕಂಪ್ಯೂಟರುಗಳಿಗೆ ರಸೀದಿ ಕೊಡುತ್ತೇವೆ ಅಂದರು. ಕೇಳಿದರೆ, ಕೊಟ್ಟಾಗಿದೆಯಲ್ಲ ಅಂದರು.
ವಕೀಲರನ್ನು ಒಳಗೆ ಬಿಡುತ್ತೇವೆ ಅಂದರು. ಬಿಸಿಲಲ್ಲಿ ನಿಲ್ಲಿಸಿದರು.
ನೀರು ಪರೀಕ್ಷೆಯ ವರದಿ ತೋರಿಸುತ್ತೇವೆ ಅಂದರು. ಊರು ಕೇಳಿದ್ದು ಅದೊಂದನ್ನೇ. ಅದಕ್ಕೆ ಗುಂಡು ಹೊಡೆದರು.

ಇಷ್ಟನ್ನು ಮೊದಲು ಬರೆದಿಟ್ಟೆ. ಯಾರಿಗೂ ತೋರಿಸಲಿಕ್ಕಲ್ಲ, ತಲೆಯಲ್ಲೇ ಇಟ್ಟುಕೊಂಡರೆ ತಲೆ ಸಿಡಿಯುತ್ತದೆ. ನಮ್ಮಿಬ್ಬರ ಫೋನೂ ಅವರ ಹತ್ತಿರ, ಕಂಪ್ಯೂಟರು ಅವರ ಹತ್ತಿರ, ತಮ್ಮನೂ ಅವರ ಹತ್ತಿರ. ನನಗೆ ಉಳಿದದ್ದು ಪೆನ್ನು. ಕೈಯಲ್ಲಿ ಬರೆದು ವರ್ಷಗಳಾದವು, ಅಕ್ಷರಗಳು ಕುಡಿದವರ ಹಾಗೆ ಓಲಾಡುತ್ತಿವೆ. ಓಲಾಡಲಿ.

ಶನಿವಾರ ನಡೆದದ್ದು ಇದು. ಬಣ್ಣದ ಕಾರ್ಖಾನೆಯ ಕೊಳಚೆ ಜಲಾಶಯಕ್ಕೆ ಸೇರಿ ನೀರು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಈ ನೀರನ್ನು ಮನೆಮನೆಗೆ ಹಾಕುವ ಕೆಲಸ ನಾವು ಮಾಡುವುದಿಲ್ಲ ಎಂದು ಟ್ಯಾಂಕರ್ ಚಾಲಕರು ನೀರು ಸರಬರಾಜು ಕಚೇರಿಯ ಗೇಟಿನ ಮುಂದೆ ಲಾರಿ ನಿಲ್ಲಿಸಿದರು. ಅವರ ಹಿಂದೆ ಊರು ನಿಂತಿತು. ಮೊದಲ ಲಾರಿಯ ಚಾಲಕ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಪೊಲೀಸರು ಅವನ ಎದೆಗೆ ಗುಂಡು ಹೊಡೆದು ಕೊಂದರು. ಶವವನ್ನು ಹೆಂಡತಿಗೂ ತೋರಿಸದೆ ಸುಟ್ಟು ಮುಗಿಸಿಬಿಟ್ಟರು. ಆಸ್ಪತ್ರೆಯಿಂದ ಒಂದು ಸಾಲು ಬಂತು, ಹೃದಯ ನಿಂತು ಸಾವು ಎಂದು. ಎದೆಯಲ್ಲಿ ಗುಂಡು ಹೊಕ್ಕರೆ ಯಾರ ಹೃದಯ ನಡೆಯುತ್ತದೆ?

ನನ್ನ ತಮ್ಮ ಪಕ್ಕದಲ್ಲೇ ನಿಂತು ಎಲ್ಲವನ್ನೂ ಫೋನಿನಲ್ಲಿ ತೆಗೆದ. ಅವನು ನಮ್ಮ ಇಂಟರ್ನೆಟ್ ಚಾನೆಲ್ಲಿನ ಕ್ಯಾಮೆರಾ. ಎಡಿಟಿಂಗು, ಅಡಿಬರಹ ನನ್ನದು. ಮೂರನೆಯವರು ಸಂಪಾದಕರು; ಹಿಂದೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು, ಹಾಗಾಗಿ ಎಲ್ಲರಿಗೂ ಮೇಷ್ಟ್ರು. ಇಷ್ಟೇ ನಮ್ಮ ಸೈನ್ಯ.

ವಿಡಿಯೊ ಬಂದ ಕೂಡಲೇ ಹಾಕಿದೆ. "ಪೊಲೀಸರು ಚಾಲಕನನ್ನು ಗುಂಡು ಹೊಡೆದು ಕೊಂದರು" ಎಂದು ಕೆಳಗೆ ಬರೆದೆ. ಚಾನೆಲ್ಲಿಗೆ ಜಾಗ ಕೊಟ್ಟ ವಿಡಿಯೊ ಕಂಪನಿ ಅದನ್ನು ತೆಗೆದುಹಾಕಿತು. ಹಿಂಸೆಯ ದೃಶ್ಯವಂತೆ, ಚಾನೆಲ್ಲಿಗೆ ಮೊದಲ ಎಚ್ಚರಿಕೆಯಂತೆ. ಅಲ್ಲಿ ಮನುಷ್ಯರು ನೋಡುವುದಿಲ್ಲ, ಯಂತ್ರ ನೋಡುತ್ತದೆ. ಯಂತ್ರಕ್ಕೆ 'ಕೊಲೆ' ಕೇಳಿಸಬಾರದು, 'ಗುಂಡು' ಕಾಣಿಸಬಾರದು, ರಕ್ತ ಕೆಂಪಗಿರಬಾರದು. ಅದಕ್ಕೆ ನಮ್ಮಲ್ಲೊಂದು ಕಸುಬಿದೆ. ದಿಂಬು ಹಾಕುವುದು ಅನ್ನುತ್ತೇವೆ. ಚೂಪಾಗಿರುವ ಪದದ ಕೆಳಗೆ ಒಂದು ಮೆತ್ತನೆಯ ಪದ ತುರುಕುವುದು. ನಾನು ಅದರಲ್ಲಿ ಪಳಗಿದ ಕೈ. ಗುಂಡಿನ ಶಬ್ದ ತೆಗೆದೆ. ಗುಂಡು ಹೊಕ್ಕ ಗಳಿಗೆಯನ್ನು ಕತ್ತರಿಸಿದೆ. "ಚಾಲಕ ಕುಸಿದು ಬಿದ್ದರು" ಎಂದು ಬರೆದೆ. ಭಾನುವಾರ ಬೆಳಿಗ್ಗೆ ಹಾಕಿದ್ದು ನಿಂತಿತು. ಊರಿಗೆ ಊರೇ ನೋಡಿತು. ಸೋಮವಾರ ತಮ್ಮನನ್ನು ಹಿಡಿಯಲು ಪೊಲೀಸರು ಕಚೇರಿಗೆ ಬರುವಷ್ಟರಲ್ಲಿ ಅದು ಎಲ್ಲರ ಫೋನಿನಲ್ಲಿತ್ತು.

ಯಂತ್ರಕ್ಕೆ ಟೋಪಿ ಹಾಕಿದೆ. ಇವತ್ತಿಗೆ ಅದೊಂದೇ ಸಮಾಧಾನ.

ಮಾರ್ಚ್ ೬, ಗುರುವಾರ

ಕಚೇರಿಗೆ ಬೀಗ. ಮೇಷ್ಟ್ರ ಮನೆಯ ಅಡುಗೆಕೋಣೆಯೇ ಈಗ ಸುದ್ದಿಮನೆ. ಯಾರದೋ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಒಂದು ಅಕ್ಷರದ ಗುಂಡಿಯೇ ಇಲ್ಲ. ಪಕ್ಕದಲ್ಲಿ ಕುಕ್ಕರ್ ಕೂಗಿದಾಗೆಲ್ಲ ಮೇಷ್ಟ್ರು ಬೆಚ್ಚಿಬೀಳುತ್ತಾರೆ.

ನಿನ್ನೆ ತಮ್ಮನ ಬಂಧನದ ಸುದ್ದಿ ಹಾಕಿದೆವು. "ಥಳಿಸಿದರು" ಎಂಬ ಪದಕ್ಕೆ ಎರಡನೆಯ ಎಚ್ಚರಿಕೆ ಬಂತು. ಇನ್ನೊಂದು ಬಂದರೆ ಚಾನೆಲ್ಲೇ ಇಲ್ಲ. ಇಷ್ಟು ವರ್ಷ ತೆಗೆದದ್ದೆಲ್ಲ ಒಂದೇ ಏಟಿಗೆ ಮಾಯ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಇನ್ಮೇಲೆ ಎಲ್ಲದಕ್ಕೂ ದಿಂಬು ಹಾಕು, ಮಗಳೇ. ಚಾನೆಲ್ ಉಳೀಬೇಕು. ಚಾನೆಲ್ ಉಳಿದ್ರೆ ನಿನ್ನ ತಮ್ಮನ ಸುದ್ದಿ ಉಳಿಯುತ್ತೆ."

"ಎಷ್ಟು ದಪ್ಪದ ದಿಂಬು, ಮೇಷ್ಟ್ರೇ?"

"ಯಂತ್ರಕ್ಕೆ ನಿದ್ದೆ ಬರೋವಷ್ಟು."

ಮನೆಯಲ್ಲಿ ಅಮ್ಮನ ಮಾತು ನಿಂತಿಲ್ಲ. "ಒಬ್ಬ ಮಗನನ್ನ ಕ್ಯಾಮೆರಾ ತಿಂತು. ನಿನ್ನನ್ನ ಯಾವಾಗ ತಿನ್ನುತ್ತೆ ಹೇಳು, ಆವತ್ತು ಅಡುಗೆ ಕಡಿಮೆ ಮಾಡ್ತೀನಿ." ಹಾಗಂದವಳೇ ಅವನ ಅಂಗಿಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿಟ್ಟಿದ್ದಾಳೆ, ಸಂಜೆ ಬರುವವನ ಹಾಗೆ.

ಮಾರ್ಚ್ ೧೧, ಮಂಗಳವಾರ

ತಮ್ಮನನ್ನು ನೋಡಿದೆ. ಗಾಜಿನ ಆಚೆ ಅವನು, ಈಚೆ ನಾನು, ಮಧ್ಯೆ ಒಂದು ಕೊಳಕು ರಿಸೀವರ್.

"ಅಕ್ಕಾ, ಇಲ್ಲಿ ಸಿಗ್ನಲ್ ಸಖತ್ತಾಗಿದೆ. ಫೋನ್ ಒಂದು ಇಲ್ಲ ನೋಡು" ಅಂದ. ನಗಬೇಕಾಯಿತು.

ಅವನ ಬಲಗೈ ಬೆರಳುಗಳಿಗೆ ಏನೋ ಸ್ವಲ್ಪ ತೊಂದರೆಯಾಗಿದೆ. ಬಟ್ಟೆ ಸುತ್ತಿಕೊಂಡಿದ್ದ. ಕೇಳಿದ್ದಕ್ಕೆ ಪಕ್ಕದ ಕಾವಲಿನವನನ್ನು ನೋಡಿ ಸುಮ್ಮನಾದ.

"ಸುಳ್ಳು ಸುದ್ದಿ ಹಬ್ಬಿಸಿದೆ ಅಂತ ಕೇಸು ಹಾಕಿದ್ದಾರೆ. ಪರವಾಗಿಲ್ಲ ಬಿಡು, ಜಾಮೀನು ಸಿಗುತ್ತೆ" ಅಂದ. "ವಿಡಿಯೊ ಇದೆಯಲ್ಲ."

ಹೌದು, ಇದೆ ಅಂದೆ.

ಮಾರ್ಚ್ ೧೫, ಶನಿವಾರ

ಪರಿಸ್ಥಿತಿ ಹಾಗೆಯೇ ಮುಂದುವರಿದಿದೆ. ಗೇಟಿನ ಬಳಿಯ ಬೆಳವಣಿಗೆಯ ನಂತರ ಟ್ಯಾಂಕರುಗಳು ಮತ್ತೆ ಓಡಾಡುತ್ತಿವೆ. ನೀರಿನ ಬಣ್ಣದಲ್ಲಿ ಕೆಲವರಿಗೆ ವ್ಯತ್ಯಾಸ ಕಂಡಿದೆ. ಅಮ್ಮನಿಗೂ ಹೊಟ್ಟೆ ಸರಿಯಿಲ್ಲ.

ಚಾನೆಲ್ ನಡೆಯುತ್ತಿದೆ. ಒಂದೂ ದೂರು ಬಂದಿಲ್ಲ. ಮೇಷ್ಟ್ರು ನನ್ನ ಕೆಲಸ ಮೆಚ್ಚಿಕೊಂಡರು.

ಮಾರ್ಚ್ ೧೯, ಬುಧವಾರ

ಚಾಲಕನ ಹೆಂಡತಿ ಮೇಷ್ಟ್ರ ಮನೆಗೆ ಬಂದಿದ್ದರು. ಟ್ಯಾಂಕರ್ ನಿಲ್ದಾಣದ ಎದುರಿಗೆ ಅವರ ಹೊಲಿಗೆ ಅಂಗಡಿ. ಎಲ್ಲರೂ ಟೈಲರಮ್ಮ ಅನ್ನುತ್ತಾರೆ. ಅಂಗಡಿಯಿಂದ ನೇರ ಎದ್ದು ಬಂದಿರಬೇಕು, ಸೆರಗಿನಲ್ಲಿ ಇನ್ನೂ ಗುಂಡುಸೂಜಿಗಳಿದ್ದವು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಿಮ್ಮ ವಿಡಿಯೊ ನೋಡಿದೆ ಕಣಮ್ಮಾ. ದಿನಾ ನೋಡ್ತೀನಿ. ನನ್ನ ಗಂಡ ನಿಂತಿರ್ತಾನೆ. ಆಮೇಲೆ ಬಿದ್ದಿರ್ತಾನೆ. ನಡುವೆ ಏನಾಯ್ತು?"

"ನಡುವೆ ಸ್ವಲ್ಪ ತೆಗೆದಿದ್ದೀವಿ ಅಕ್ಕಾ. ಕಂಪನಿಯವರು ಬಿಡಲ್ಲ."

"ಯಾವ ಕಂಪನಿ? ಬಣ್ಣದ ಕಂಪನಿನಾ?"

"ಅಲ್ಲ, ವಿಡಿಯೊ ಕಂಪನಿ."

"ಅವನಿಗೂ ಇವನಿಗೂ ಏನು ನೆಂಟಸ್ತಿಕೆ?"

ಮೇಷ್ಟ್ರು ಒಲೆಯ ಕಡೆ ತಿರುಗಿ ಚಹಾ ಸೋಸತೊಡಗಿದರು. ನಾನು ವಿವರಿಸಲು ಹೋದೆ. "ಆ ದಿನ ನಿಮ್ಮ ಮನೆಯವರಿಗೆ ಹಾಗಾದಾಗ..."

"ಹೇಗಾದಾಗ?"

"ಅಂದ್ರೆ, ಆ ಘಟನೆ..."

"ಯಾವ ಘಟನೆ? ಲಾರಿ ಪಂಕ್ಚರ್ ಆಯ್ತಾ?"

ಅವರು ನನ್ನ ಮುಖವನ್ನೇ ನೋಡಿದರು.

"ಅವನ ಮೈಯಂತೂ ಕೊಡಲಿಲ್ಲ. ಆ ಶಬ್ದನಾದ್ರೂ ಕೇಳಿಸು. ನಾನು ಅಂಗಡಿಯಲ್ಲಿ ಮೆಷಿನ್ ತುಳೀತಿದ್ದೆ, ನನಗೆ ಕೇಳಿಸಲಿಲ್ಲ. ಅವನ ಎದೆಗೆ ಬಿದ್ದಿದ್ದು ನನ್ನ ಕಿವಿಗಾದ್ರೂ ಬೀಳಲಿ. ನಿಮ್ಮ ಹತ್ರ ಇದೆ ಅಲ್ವಾ?"

ಹುಡುಕಿ ನೋಡುತ್ತೇವೆ ಎಂದು ತಿಳಿಸಿದೆ. ಚಹಾ ಕುಡಿಯದೆ ಹೋದರು. ಸ್ವಲ್ಪ ಬೇಸರದಲ್ಲಿದ್ದಂತೆ ಕಂಡಿತು.

ಮಾರ್ಚ್ ೨೪, ಸೋಮವಾರ

ಇದನ್ನು ಹೇಗೆ ಬರೆಯಲಿ. ಇದ್ದ ಹಾಗೆ ಬರೆಯುತ್ತೇನೆ.

ಕೋರ್ಟಿನಲ್ಲಿ ಜಾಮೀನಿನ ವಿಚಾರಣೆ. ಅಮ್ಮ ಇಸ್ತ್ರಿ ಮಾಡಿದ ಅಂಗಿಯೊಂದನ್ನು ಚೀಲದಲ್ಲಿ ತಂದಿದ್ದಳು, ಬಿಟ್ಟ ಕೂಡಲೇ ಹಾಕಿಕೊಳ್ಳಲಿ ಎಂದು. ನಮ್ಮ ವಕೀಲಮ್ಮ ಮೊದಲು ಮಾತಾಡಿದರು: ಗೋಲಿಬಾರ್ ನಡೆದದ್ದು ನಿಜ, ಈ ಹುಡುಗ ಕಂಡದ್ದನ್ನು ತೋರಿಸಿದ, ನಿಜ ತೋರಿಸುವುದು ಸುಳ್ಳು ಸುದ್ದಿ ಹೇಗಾಗುತ್ತದೆ?

ಆಮೇಲೆ ಸರ್ಕಾರಿ ವಕೀಲ ಎದ್ದ. ದಡೂತಿ ಆಸಾಮಿ, ಮಾತು ಮಾತ್ರ ಬೆಣ್ಣೆ. "ನಾವು ನಮ್ಮ ಸಾಕ್ಷಿ ತರೋದೇ ಬೇಡ ಸ್ವಾಮಿ. ಇವರ ಸಾಕ್ಷಿನೇ ನೋಡೋಣ" ಅಂದ. ಗೋಡೆಯ ಮೇಲಿನ ಪರದೆಯಲ್ಲಿ ನಮ್ಮ ವಿಡಿಯೊ ಬಂತು. ಮೂಲೆಯಲ್ಲಿ ನಮ್ಮ ಚಾನೆಲ್ಲಿನ ಗುರುತು. ಚಾಲಕ ನಿಂತಿದ್ದಾನೆ. ಚಾಲಕ ಬಿದ್ದಿದ್ದಾನೆ. ಸದ್ದಿಲ್ಲ. ಕೆಳಗೆ ನನ್ನ ಅಕ್ಷರ.

"ಓದಿ, ಸ್ವಾಮಿ. 'ಚಾಲಕ ಕುಸಿದು ಬಿದ್ದರು.' ಇದು ಪೊಲೀಸರು ಬರೆದದ್ದಲ್ಲ. ಆರೋಪಿಯ ಸ್ವಂತ ಅಕ್ಕ ಬರೆದದ್ದು. ಆಸ್ಪತ್ರೆಯೂ ಇದನ್ನೇ ಹೇಳ್ತಿದೆ. ಗುಂಡು ಎಲ್ಲಿದೆ? ಗುಂಡಿನ ಶಬ್ದ ಎಲ್ಲಿದೆ? ಆ ದಿನ ಗೇಟಿನ ಮುಂದೆ 'ಗುಂಡು ಹೊಡೆದ್ರು, ಗುಂಡು ಹೊಡೆದ್ರು' ಅಂತ ಕೂಗಿ ಊರು ಕೆರಳಿಸಿದ ಹುಡುಗ ಇವನೊಬ್ಬನೇ."

ವಕೀಲಮ್ಮ ಎದ್ದು, ಮೂಲ ವಿಡಿಯೊ ಪೊಲೀಸರು ವಶಪಡಿಸಿಕೊಂಡ ಫೋನಿನಲ್ಲಿದೆ, ತರಿಸಿ ಅಂದರು. ಫೋನು ಹಾಳಾಗಿದೆ, ತೆರೆಯುತ್ತಿಲ್ಲ ಎಂದು ಉತ್ತರ ಬಂತು. ಕಚೇರಿಯ ಕಂಪ್ಯೂಟರು? ಅದೂ ತೆರೆಯುತ್ತಿಲ್ಲ. ಇವರ ಕೈಗೆ ಹೋದದ್ದು ಯಾವುದು ತೆರೆದಿದೆ?

ಆಗ ಹೊಳೆಯಿತು ನನಗೆ. ತಮ್ಮನ ಫೋನು, ನನ್ನ ಫೋನು, ಕಂಪ್ಯೂಟರು, ಎಲ್ಲ ಅವರ ಬಳಿ. ಮೊದಲು ಹಾಕಿದ್ದನ್ನು ಕಂಪನಿ ಅಳಿಸಿತು. ಲೋಕದಲ್ಲಿ ಉಳಿದಿರುವುದು ನಾನು ದಿಂಬು ಹಾಕಿದ್ದು ಒಂದೇ. ಅದೇ ದಿಂಬನ್ನು ತಮ್ಮನ ಮುಖದ ಮೇಲೆ ಒತ್ತುತ್ತಿದ್ದಾರೆ.

ತಮ್ಮ ಕಟಕಟೆಯಿಂದ ನನ್ನ ಕಡೆ ನೋಡಿದ. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದ್ದರು. ಬಲಗೈಯ ಎರಡು ಬೆರಳು ಮುರಿದಿದ್ದಾರೆ. ಕ್ಯಾಮೆರಾ ಗುಂಡಿ ಒತ್ತುವ ಬೆರಳುಗಳು.

ಜಾಮೀನು ಇಲ್ಲ. ಅಮ್ಮ ಅಂಗಿಯ ಚೀಲವನ್ನು ಎದೆಗವುಚಿಕೊಂಡು ಮೆಟ್ಟಿಲಿಳಿದಳು. ದಾರಿಯುದ್ದಕ್ಕೂ ಒಂದೇ ಮಾತು ಕೇಳಿದಳು. "ಅದನ್ನ ನೀನೇ ಬರೆದಿದ್ದಾ?"

ಮಾರ್ಚ್ ೨೫, ಮಂಗಳವಾರ

ಏಳಲಿಲ್ಲ. ಅಮ್ಮ ಚಹಾ ತಂದಿಟ್ಟು, ಮಾತಾಡದೆ ಹೋದಳು. ಆರಿತು.

ಮಾರ್ಚ್ ೨೭, ಗುರುವಾರ

ಅಳಿಸಿದ ವಿಡಿಯೊ ವಾಪಸ್ ಕೊಡಿ, ಒಬ್ಬನ ಜೀವನದ ಪ್ರಶ್ನೆ ಎಂದು ಕಂಪನಿಗೆ ಮೇಷ್ಟ್ರು ಬರೆದರು. ತಕ್ಷಣ ಉತ್ತರ ಬಂತು: ನಿಮ್ಮ ಅನುಭವ ಹೇಗಿತ್ತು, ನಕ್ಷತ್ರ ಕೊಟ್ಟು ತಿಳಿಸಿ. ಮತ್ತೆ ಬರೆದರು. ಅದೇ ಉತ್ತರ. ಯಾವ ಊರಲ್ಲಿ ಅವರ ಕಚೇರಿ, ಯಾವ ಬಾಗಿಲು ಬಡಿಯಬೇಕು, ಬಡಿದರೆ ತೆಗೆಯಲು ಒಳಗೆ ಮನುಷ್ಯರಿದ್ದಾರಾ, ಒಂದೂ ಗೊತ್ತಿಲ್ಲ. ಪೊಲೀಸ್ ಠಾಣೆಯೇ ವಾಸಿ, ಬೈಯಲಿಕ್ಕೆ ಒಂದು ಮುಖ ಇದೆ. ಗುಂಡು ಹೊಡೆದವನು ಸರ್ಕಾರದವನು, ಶಬ್ದ ಅಡಗಿಸಿದ್ದು ಕಂಪನಿ, ಕತ್ತರಿ ಹಿಡಿದವಳು ನಾನು. ಟೈಲರಮ್ಮ ಕೇಳಿದ ನೆಂಟಸ್ತಿಕೆ ಇದೇ.

ಸಂಜೆ ವಕೀಲಮ್ಮನ ಮನೆ. ಮೇಜಿನ ಮೇಲೆ ಅವರ ಮಗುವಿನ ಹೋಂವರ್ಕು, ಅದರ ಪಕ್ಕ ನಮ್ಮ ಕೇಸು.

"ಒಂದೇ ದಾರಿ ಇದೆ" ಅಂದರು. "ನೀವು ಕೋರ್ಟಿಗೆ ಪ್ರಮಾಣಪತ್ರ ಕೊಡಬೇಕು. ಮೂಲ ವಿಡಿಯೊ ನಾನು ಕಣ್ಣಾರೆ ನೋಡಿದೆ, ಅದರಲ್ಲಿ ಗುಂಡಿನ ಶಬ್ದ ಇತ್ತು, ಕತ್ತರಿಸಿದ್ದು ನಾನು, ಕಂಪನಿಯ ಭಯಕ್ಕೆ ಕತ್ತರಿಸಿದೆ ಅಂತ."

"ಕೊಡ್ತೀನಿ ಮೇಡಂ."

"ಪೂರ್ತಿ ಕೇಳಿಸ್ಕೊಳ್ಳಿ. ಸಾಕ್ಷಿ ತಿದ್ದಿದೆ ಅಂತ ನೀವೇ ಒಪ್ಪಿಕೊಂಡ ಹಾಗೆ. ಇವತ್ತು ತಮ್ಮ ಒಳಗಿದ್ದಾನೆ. ನಾಳೆ ನಿಮ್ಮನ್ನೂ ಹಾಕ್ತಾರೆ. ಅವನು ಹೊರಗೆ ಬರ್ತಾನೆ ಅನ್ನೋ ಗ್ಯಾರಂಟಿನೂ ನಾನು ಕೊಡಲಾರೆ."

"ಹಾಗಾದ್ರೆ ಇದರಿಂದ ಏನು ಸಿಗುತ್ತೆ?"

ಅವರು ಮಗುವಿನ ಹೋಂವರ್ಕನ್ನು ಪಕ್ಕಕ್ಕೆ ಸರಿಸಿದರು. "ಗುಂಡು ಹೊಡೆದ್ರು ಅನ್ನೋ ಮಾತು ಒಂದು ಸಲ ಕೋರ್ಟಿನ ಕಡತದಲ್ಲಿ ಕೂರುತ್ತೆ. ಅಷ್ಟೇ. ಅದನ್ನ ಅಳಿಸೋಕೆ ಯಂತ್ರ ಇಲ್ಲ."

ಏಪ್ರಿಲ್ ೧, ಮಂಗಳವಾರ

ಪ್ರಮಾಣಪತ್ರದ ವಿಷಯ ತಮ್ಮನಿಗೆ ಹೇಳಿದೆ. ರಿಸೀವರನ್ನು ಎಡಗೈಯಲ್ಲಿ ಹಿಡಿಯುವುದು ಕಲಿತುಬಿಟ್ಟಿದ್ದಾನೆ.

"ಹುಚ್ಚು ಹಿಡಿದಿದೆಯಾ ನಿನಗೆ? ಅಮ್ಮನ್ನ ಯಾರು ನೋಡ್ಕೋತಾರೆ?"

"ಅಮ್ಮನೇ ಕಳಿಸಿದ್ದು."

ಅದು ನಿಜ. ಬೆಳಿಗ್ಗೆ ಹೇಳಿದ್ದಳು: "ಬರೆದಿದ್ದು ನೀನು. ತೊಳೆಯೋದೂ ನೀನೇ. ನನಗೆ ಹುಷಾರಿಲ್ಲದಿದ್ರೆ ಪಕ್ಕದ ಮನೆಯವಳು ಇದ್ದಾಳೆ, ಅವಳಿಗೂ ಜಗಳಕ್ಕೆ ಯಾರಾದ್ರೂ ಬೇಕು."

ತಮ್ಮ ಗಾಜಿಗೆ ಹಣೆಯಿಟ್ಟ. ಎಲುಬು ಕಾಣುವಷ್ಟು ಸೊರಗಿದ್ದಾನೆ. ಅವನ ಕೋಣೆಯಲ್ಲಿ ಹೊಡೆತ ತಿಂದ ಇನ್ನೂ ಇಬ್ಬರಿದ್ದಾರೆ, ಇಬ್ಬರೂ ಟ್ಯಾಂಕರ್ ಚಾಲಕರು. ದಿನವೂ ಹೊಡೆಯುತ್ತಾರೆ, ಗೇಟಿನಲ್ಲಿ ಜೊತೆಗಿದ್ದವರ ಹೆಸರು ಹೇಳು ಎಂದು ಹೊಡೆಯುತ್ತಾರೆ. ಕೊನೆಗೆ ಕೇಳಿದ, "ಅಕ್ಕಾ, ಆ ಶಬ್ದ ನಿನಗೆ ಇನ್ನೂ ನೆನಪಿದೆಯಾ? ನನಗೆ ಮರೆತು ಹೋಗ್ತಿದೆ. ಇವರು ದಿನಾ ಅದು ಇರಲೇ ಇಲ್ಲ ಅಂತಾರಲ್ಲ, ಒಂದೊಂದ್ಸಲ ನನಗೂ..."

ಸಮಯ ಮುಗಿಯಿತು ಎಂದು ರಿಸೀವರ್ ಕಿತ್ತುಕೊಂಡರು.

ನೆನಪಿದೆ ಕಣೋ. ಒಣ ಹಲಗೆ ಮುರಿದ ಹಾಗೆ. ಆಮೇಲೆ ಯಾರೋ "ಅಯ್ಯೋ ಅಣ್ಣಾ" ಅಂದರು. ಆಮೇಲೆ ನಿನ್ನ ಉಸಿರು.

ಏಪ್ರಿಲ್ ೩, ಗುರುವಾರ

ಪ್ರಮಾಣಪತ್ರ ಕೊಟ್ಟೆ. ಕೋರ್ಟು ತೆಗೆದುಕೊಂಡಿತು, ತಾರೀಕು ಮುಂದಕ್ಕೆ ಹಾಕಿತು. ತಮ್ಮ ಅಲ್ಲಿಯವರೆಗೆ ಒಳಗೇ.

ಅಲ್ಲಿಂದ ಮೇಷ್ಟ್ರ ಅಡುಗೆಕೋಣೆಗೆ ಹೋದೆ. ಕ್ಯಾಮೆರಾ ಮುಂದೆ ಕೂತೆ. ಇಷ್ಟು ವರ್ಷ ಅದರ ಹಿಂದಿದ್ದವಳು, ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. "ಮಾರ್ಚ್ ಒಂದರಂದು ಪೊಲೀಸರು ಟ್ಯಾಂಕರ್ ಚಾಲಕನ ಎದೆಗೆ ಗುಂಡು ಹೊಡೆದು ಕೊಂದರು. ಆ ಶಬ್ದ ಕತ್ತರಿಸಿದ್ದು ನಾನು" ಅಂದೆ. ಮೇಷ್ಟ್ರ ಬೆರಳು ಗುಂಡಿಯ ಮೇಲೆ ನಿಂತಿತು.

"ಇದನ್ನ ಹಾಕಿದ್ರೆ ಚಾನೆಲ್ ಹೋಗುತ್ತೆ, ಮಗಳೇ."

"ಚಾನೆಲ್ ಎಲ್ಲಿದೆ ಮೇಷ್ಟ್ರೇ? ಬರೀ ದಿಂಬಿನ ಅಂಗಡಿ ಇದೆ."

ಒತ್ತಿದರು. ಚಹಾ ಕುದಿಯುವಷ್ಟರಲ್ಲಿ ಮೂರನೆಯ ಎಚ್ಚರಿಕೆ ಬಂತು, ಅದರ ಹಿಂದೆಯೇ ಬಿಳಿ ಪುಟ. ತಮ್ಮ ತೆಗೆದ ಮೊದಲ ವಿಡಿಯೊ, ಕಾರ್ಖಾನೆಯ ಕೊಳಚೆ ಕಾಲುವೆ, ಮೇಷ್ಟ್ರು ಮೈಕು ತಲೆಕೆಳಗಾಗಿ ಹಿಡಿದು ಮಾತಾಡಿದ ಭಾಷಣ, ಎಲ್ಲ ಹೋಯಿತು. ಮೇಷ್ಟ್ರು ಬಿಳಿ ಪುಟವನ್ನು ನೋಡುತ್ತಲೇ ಇದ್ದರು. ಮುದುಕರ ಅಳು ನೋಡಲಾಗುವುದಿಲ್ಲ. ಲೋಟ ತೊಳೆಯುವ ನೆಪದಲ್ಲಿ ಎದ್ದೆ. ನಲ್ಲಿಯಲ್ಲಿ ಬಂದದ್ದು ತುಕ್ಕಿನ ಬಣ್ಣದ ನೀರು.

ಏಪ್ರಿಲ್ ೫, ಶನಿವಾರ

ಸೋಮವಾರ ಠಾಣೆಗೆ ಹಾಜರಾಗಬೇಕೆಂದು ಸಮನ್ಸ್ ಬಂದಿದೆ. ಬದಲಿ ಬಟ್ಟೆ ತರಬಹುದು ಎಂದು ತಂದವನು ಹೇಳಿದ. ಅಂದರೆ ವಾಪಸ್ ಕಳಿಸುವುದಿಲ್ಲ.

ಮಧ್ಯಾಹ್ನ ಟೈಲರಮ್ಮನ ಅಂಗಡಿಗೆ ಹೋದೆ. ಮೆಷಿನ್ ನಿಲ್ಲಿಸಲಿಲ್ಲ.

"ಹುಡುಕಿದ್ಯಾ?"

"ಇಲ್ಲ ಅಕ್ಕಾ. ಶಬ್ದ ಹೋಯ್ತು. ಇನ್ನು ಸಿಗಲ್ಲ. ಕತ್ತರಿಸಿದ್ದು ನಾನೇ." ಮೆಷಿನ್ ನಿಂತಿತು. "ನಿಮ್ಮ ಗಂಡನ ಎದೆಗೆ ಪೊಲೀಸರು ಗುಂಡು ಹೊಡೆದು ಕೊಂದರು. ಪೂರ್ತಿ ವಿಡಿಯೊದಲ್ಲಿ ನಾನು ನೋಡಿದೀನಿ, ಕೇಳಿದೀನಿ. ಒಣ ಹಲಗೆ ಮುರಿದ ಹಾಗಿತ್ತು. ಅವರ ಕೈ ಬಾನೆಟ್ ಬಿಟ್ಟಿರಲಿಲ್ಲ."

ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ತೆಗೆದು ಮುಗಿದ ಮೇಲೆ ಕೇಳಿದರು, "ಇನ್ನೊಂದ್ಸಲ ಹೇಳು." ಹೇಳಿದೆ. "ಇನ್ನೊಂದ್ಸಲ." ಹೇಳಿದೆ. ಆಗ ಅವರ ಮೈ ಮೆಷಿನ್ ಮೇಲೆ ಬಾಗಿತು. ಸದ್ದಿಲ್ಲದ ಅಳು. ನಾನು ಬೆನ್ನ ಮೇಲೆ ಕೈಯಿಡಲಿಲ್ಲ; ಆ ಹಕ್ಕು ನನಗಿಲ್ಲ.

ಆಮೇಲೆ ಮುಖ ಒರೆಸಿಕೊಂಡು ಎದುರಿನ ಟ್ಯಾಂಕರ್ ನಿಲ್ದಾಣದತ್ತ ಕೈ ತೋರಿಸಿದರು. "ಅಲ್ಲಿರೋರೆಲ್ಲ ಅವತ್ತು ಗೇಟಿನ ಮುಂದೆ ಇದ್ರು, ಎಲ್ಲ ಕೇಳಿದಾರೆ. ಒಬ್ಬನಿಗೂ ಬಾಯಿಲ್ಲ. ನಿನ್ನ ತಮ್ಮ ಒಬ್ಬನೇ ಕೂಗಿದ್ದು ಅಂತ ಕೋರ್ಟಲ್ಲಿ ಅಂದ್ರಂತಲ್ಲ? ಬಾ."

ಇಬ್ಬರೂ ಲಾರಿಯಿಂದ ಲಾರಿಗೆ ಹೋಗಿ, ನಾಳೆ ಗೇಟಿನ ಮುಂದೆ ಬಂದು ಕೇಳಿದ್ದನ್ನು ಹೇಳಿ ಎಂದು ಬೇಡಿದೆವು. ಒಬ್ಬ ಕಿಟಕಿಯ ಗಾಜು ಏರಿಸಿಕೊಂಡ. ಒಬ್ಬ, ನನಗೆ ಚಿಕ್ಕ ಮಕ್ಕಳಿದ್ದಾರೆ ತಾಯಿ ಎಂದು ಕೈಮುಗಿದ. ಒಬ್ಬ, "ನಿಮ್ಮ ಚಾನೆಲ್ಲೇ ಬಿದ್ದ ಅಂತ ಬರೀತಲ್ಲಮ್ಮಾ, ನಾವ್ಯಾಕೆ ಸಾಯ್ಬೇಕು?" ಅಂದ. ಹಿಂದಿನ ಲಾರಿಯ ಮುದುಕ ಮಾತ್ರ ಇಳಿದು ಬಂದು ಟೈಲರಮ್ಮನ ಮುಂದೆ ನಿಂತ. "'ಅಯ್ಯೋ ಅಣ್ಣಾ' ಅಂದಿದ್ದು ನಾನೇ. ಬರ್ತೀನಿ" ಅಂದ.

ಹಾಗಾಗಿ ಮೂರು ಜನ. ಮೇಷ್ಟ್ರು ಬರುತ್ತೇನೆ ಅಂದರು, ನಾಲ್ಕು. ಕ್ಯಾಮೆರಾ ಇಲ್ಲ, ಚಾನೆಲ್ ಇಲ್ಲ, ಮೈಕು ಇಲ್ಲ. ಗೇಟಿನ ಮುಂದೆ ನಿಂತು ಒಬ್ಬೊಬ್ಬರಾಗಿ ಕಂಡದ್ದನ್ನು ಕಂಡ ಹಾಗೆ ಹೇಳುವುದು, ಅಷ್ಟೇ. ಮೊದಲು ನಾನು. ಎತ್ತಿ ವ್ಯಾನಿಗೆ ಹಾಕಿದರೆ ಮುಂದಿನವರು ಹೇಳುತ್ತಾರೆ. ಗಾಜು ಏರಿಸಿಕೊಂಡವರ ಕಿವಿಗೂ ಬೀಳಲಿ.

ಅಮ್ಮ ಎರಡು ಜೊತೆ ಬಟ್ಟೆ ಇಸ್ತ್ರಿ ಮಾಡಿ ಚೀಲದಲ್ಲಿಟ್ಟಿದ್ದಾಳೆ. ತಮ್ಮನ ಅಂಗಿಯೂ ಅದರಲ್ಲೇ ಇದೆ. ಹೇಗೂ ಅದೇ ಕಡೆಗೆ ಹೋಗ್ತಿದ್ದೀಯಲ್ಲ ಅಂದಳು.

ನಾಳೆ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ನೀರು ಸರಬರಾಜು ಕಚೇರಿಯ ಗೇಟಿನ ಮುಂದೆ.